ಫಲಕ ಎಲ್ಲಿ ಹಾಕುವುದು?

ನಮ್ಮೂರಿನ ಫ್ಲೆಕ್ಸ್ ಅಂಗಡಿಯವನಿಗೆ ದೀಪಾವಳಿ ಬರುವುದು ಜುಲೈ 1ಕ್ಕೆ. ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್ಬುಗಳ ಹೊಸ ವರ್ಷ ಶುರುವಾಗುವುದು ಅವತ್ತೇ. ಜೂನ್ 30ರ ರಾತ್ರಿ ಅಧ್ಯಕ್ಷರಾಗಿ ಮಲಗಿದವರು ಬೆಳಗ್ಗೆ 'ನಿಕಟಪೂರ್ವ'ರಾಗಿ ಏಳುತ್ತಾರೆ. ಹೊಸ ಅಧ್ಯಕ್ಷರ ಮುಖ ಬಸ್ ಸ್ಟ್ಯಾಂಡಿನಿಂದ ಎಪಿಎಂಸಿ ಗೇಟಿನವರೆಗೆ ಕಂಬಕಂಬದಲ್ಲೂ ನಗುತ್ತಿರುತ್ತದೆ. ಲೆಟರ್‌ಹೆಡ್ ಹೊಸದು, ಬ್ಯಾನರ್ ಹೊಸದು, ಕೊರಳ ಟೈ ಕೂಡ ಹೊಸದು. ಚರಂಡಿ ಮಾತ್ರ ಹಳೆಯದೇ.

ನಮ್ಮದು ಸಣ್ಣ ಊರು. ಆದರೂ ಇಂಥ ಮೂರು ಕ್ಲಬ್ಬುಗಳಿವೆ. ಈಗ ನಾನು ಹೇಳಲಿರುವುದು ಯಾವ ಕ್ಲಬ್ಬಿನ ವಿಷಯ ಅಂತ ಕೇಳಬೇಡಿ. ಮೂರೂ ಕಡೆಯವರು ಉಳಿದೆರಡರ ಬಗ್ಗೆ ಬರೆದಿದ್ದಾನೆ ಅಂದುಕೊಂಡು ಸಂತೋಷಪಡಲಿ.

ಈ ಕ್ಲಬ್ಬಿಗೆ ನೀವಾಗಿ ಹೋಗಿ ಸೇರಬೇಕಿಲ್ಲ. ಊರಲ್ಲಿ ಒಂದು ಅಂಗಡಿ ಇಟ್ಟು, ಕಾರು ತಗೊಂಡು, ಗಣೇಶೋತ್ಸವಕ್ಕೆ ಕೇಳಿದಷ್ಟು ಚಂದಾ ಕೊಟ್ಟರೆ ಸಾಕು, ಅವರೇ ಹುಡುಕಿಕೊಂಡು ಬರುತ್ತಾರೆ. ನನ್ನ ಅಂಗಡಿಗೆ ಬಂದವರೂ ಹಾಗೇ ಬಂದರು. "ಅಣ್ಣಾ, ನಿಮ್ಮಂಥೋರು ಹೊರಗೆ ಇರಬಾರದು" ಅಂದರು. "ಏನಪ್ಪಾ ಕೆಲಸ ಮಾಡಬೇಕು?" ಅಂತ ಕೇಳಿದೆ. "ಕೆಲಸ ಏನೂ ಇಲ್ಲಣ್ಣ, ಸೇವೆ ಅಷ್ಟೆ" ಅಂದರು.

ಫೀಸು ಕಟ್ಟಿದ ಮೇಲೆ ಕೋಟಿಗೆ ಒಂದು ಪಿನ್ನು ಚುಚ್ಚುತ್ತಾರೆ. ಪ್ರಮಾಣವಚನ ಆಗುತ್ತದೆ, ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಾರೆ. ಒಂದು ವಾರ ಕಳೆಯುವುದರೊಳಗೆ ನಿಮಗೊಂದು ಹುದ್ದೆ ಸಿಕ್ಕಿರುತ್ತದೆ. ಬರೀ ಸದಸ್ಯ ಅಂತ ಯಾರನ್ನೂ ಬಿಡುವ ಪದ್ಧತಿ ಇಲ್ಲ. ರೋಟರಿಯಲ್ಲಾದರೆ ಸೇವೆಗೆ ಐದು ದಾರಿಗಳಿವೆ: ಕ್ಲಬ್ಬು, ವೃತ್ತಿ, ಸಮುದಾಯ, ಅಂತರರಾಷ್ಟ್ರೀಯ, ಯುವಜನ. ಒಂದೊಂದು ದಾರಿಗೂ ಒಬ್ಬೊಬ್ಬ ಡೈರೆಕ್ಟರ್. ನನಗೆ ಗೊತ್ತಿರುವ ಒಬ್ಬರು ಎರಡು ಸಲ ಅಂತರರಾಷ್ಟ್ರೀಯ ಸೇವೆಯ ಡೈರೆಕ್ಟರ್ ಆಗಿದ್ದರು. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ.

ಲಯನ್ಸ್‌ನಲ್ಲಿ ಇನ್ನೂ ಮಜಾ. ಶಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಅನ್ನುವ ಇನ್ಶೂರೆನ್ಸ್ ಏಜೆಂಟ್ 1917ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ಅಲ್ಲಿ ಗಂಟೆ, ಬಾವುಟ ನೋಡಿಕೊಳ್ಳುವವರಿಗೆ ಲಯನ್ ಟೇಮರ್ ಅಂತ ಹೆಸರು. ಟೇಲ್ ಟ್ವಿಸ್ಟರ್ ಅಂತ ಇನ್ನೊಬ್ಬರಿರುತ್ತಾರೆ. ಪಿನ್ ಹಾಕದೆ ಬಂದವರಿಗೆ, ತಡವಾಗಿ ಬಂದವರಿಗೆ ತಮಾಷೆಗೆ ದಂಡ ಹಾಕುವುದು ಅವರ ಕೆಲಸ. ತರಕಾರಿ ಗಾಡಿಯವಳ ಹತ್ತಿರ ಐದು ರೂಪಾಯಿಗೆ ಜಗಳ ಆಡುವ ದೊಡ್ಡ ಮನುಷ್ಯರು ಇಲ್ಲಿ ನೂರು ರೂಪಾಯಿ ದಂಡ ಕಟ್ಟಿ ಹಲ್ಲು ಬಿಟ್ಟು ನಗುವುದನ್ನು ನೋಡಬೇಕು.

ಹೆಂಗಸರ ವಿಷಯಕ್ಕೆ ಬರೋಣ. 1987ರವರೆಗೆ ಈ ಎರಡೂ ಸಂಸ್ಥೆಗಳಲ್ಲಿ ಅವರಿಗೆ ಸದಸ್ಯತ್ವವೇ ಇರಲಿಲ್ಲ. ರೋಟರಿಯ ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ ತೀರ್ಮಾನ ಆಗಬೇಕಾಯಿತು. ಆದರೆ ನಮ್ಮ ಕಡೆ ಸದಸ್ಯರ ಹೆಂಡತಿಯರನ್ನು 'ಆನ್' ಅಂತಲೂ ಮಕ್ಕಳನ್ನು 'ಆನೆಟ್' ಅಂತಲೂ ಕರೆಯುವುದು ಇನ್ನೂ ನಿಂತಿಲ್ಲ. ನನ್ನ ಪರಿಚಯದ ಹೆರಿಗೆ ಡಾಕ್ಟರೊಬ್ಬರಿದ್ದಾರೆ. ಆರೋಗ್ಯ ಶಿಬಿರದ ದಿನ ಬೆಳಗ್ಗೆಯಿಂದ ಸಂಜೆಯವರೆಗೆ ರೋಗಿಗಳನ್ನು ನೋಡಿದವರು ಅವರು. ವೇದಿಕೆಯಲ್ಲಿ ಅವರ ಯಜಮಾನರಿಗೆ ಶಾಲು ಹೊದಿಸಿದರು. ಡಾಕ್ಟರಮ್ಮ 'ಆನ್' ಆಗಿ ಪಕ್ಕದಲ್ಲಿ ನಿಂತು ಹಣ್ಣಿನ ಬುಟ್ಟಿ ಹಿಡಿದುಕೊಂಡರು.

ಪದಗ್ರಹಣ ಸಮಾರಂಭಕ್ಕೆ ಹೋಗಿದ್ದೀರಾ? ಇಲ್ಲದಿದ್ದರೆ ಒಮ್ಮೆ ಹೋಗಿ. ಹೊಟ್ಟೆಗೆ ಸ್ವಲ್ಪ ಹಾಕಿಕೊಂಡು ಹೋಗಿ. ಆರೂವರೆಗೆ ಅಂತ ಕಾರ್ಡಿನಲ್ಲಿ ಇರುತ್ತದೆ, ಎಂಟಕ್ಕೆ ಶುರುವಾಗುತ್ತದೆ. ಮೈಕ್ ಹಿಡಿದವರೆಲ್ಲ ಮೊದಲು ಪ್ರೋಟೋಕಾಲ್ ಹೇಳಬೇಕು. (ಇಲ್ಲಿ ಗವರ್ನರ್ ಅಂದರೆ ರಾಜ್ಯಪಾಲರಲ್ಲ, ಹಲವು ಕ್ಲಬ್ಬುಗಳು ಸೇರಿದ 'ಡಿಸ್ಟ್ರಿಕ್ಟ್'ನ ಮುಖ್ಯಸ್ಥರು.) ಪದಪ್ರದಾನ ಅಧಿಕಾರಿಗಳೇ, ಅಸಿಸ್ಟೆಂಟ್ ಗವರ್ನರ್ ಅವರೇ, ಮಾಜಿ ಗವರ್ನರ್ ಅವರೇ, ನಿಕಟಪೂರ್ವ ಅಧ್ಯಕ್ಷರೇ, ಮುಂದಿನ ವರ್ಷದ ಅಧ್ಯಕ್ಷರೇ, ಅದರ ಮುಂದಿನ ವರ್ಷದ ಅಧ್ಯಕ್ಷರೇ, ಜಿಲ್ಲಾ ಸಮಿತಿಯ ಚೇರ್ಮನ್‌ಗಳೇ, ಕಾರ್ಯದರ್ಶಿಗಳೇ, ಖಜಾಂಚಿಗಳೇ, ಆನ್‌ಗಳೇ, ಆನೆಟ್‌ಗಳೇ. ಇಷ್ಟು ಹೇಳುವಷ್ಟರಲ್ಲಿ ಟೈಮ್ ಆಯಿತು ಅಂತ ಹಿಂದಿನಿಂದ ಚೀಟಿ ಬರುತ್ತದೆ. "ಸಮಯದ ಅಭಾವದಿಂದ ಎರಡೇ ಮಾತು ಹೇಳಿ ಮುಗಿಸುತ್ತೇನೆ" ಅಂತ ಅವರು ಕೂರುತ್ತಾರೆ. ಮುಂದಿನವರು ಎದ್ದು ಮತ್ತೆ ಪದಪ್ರದಾನ ಅಧಿಕಾರಿಗಳಿಂದ ಶುರು ಮಾಡುತ್ತಾರೆ. ಒಬ್ಬರ ಹೆಸರು ಬಿಟ್ಟುಹೋದರೆ ಮುಗೀತು. ಆ ಮುನಿಸು ಕ್ಲಬ್ಬಿನ ಎಲ್ಲ ಯೋಜನೆಗಳಿಗಿಂತ ಜಾಸ್ತಿ ವರ್ಷ ಬಾಳುತ್ತದೆ.

ಹೆಸರಿನ ಮುಂದೆ 'ರೊ.' (ರೊಟೇರಿಯನ್) ಅಥವಾ 'ಲ.' (ಲಯನ್) ಇರುತ್ತದಲ್ಲ, ಹಿಂದೆಯೂ ಒಂದು ಬಾಲ ಇರುತ್ತದೆ. ರೋಟರಿ ಫೌಂಡೇಶನ್ನಿಗೆ 1000 ಡಾಲರ್ ಕೊಟ್ಟರೆ ಪಾಲ್ ಹ್ಯಾರಿಸ್ ಫೆಲೋ. ಲಯನ್ಸ್ ಫೌಂಡೇಶನ್ನಿಗೆ ಅಷ್ಟೇ ಕೊಟ್ಟರೆ ಮೆಲ್ವಿನ್ ಜೋನ್ಸ್ ಫೆಲೋ. ದುಡ್ಡು ಒಳ್ಳೆಯ ಕೆಲಸಕ್ಕೇ ಹೋಗುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ರೋಟರಿ 1985ರಲ್ಲಿ ಪೋಲಿಯೋ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಹಿಡಿಯಿತು. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಬಂಗಾಳದ ಹೌರಾದಲ್ಲಿ ಕಂಡುಬಂತು. 2014ರ ಮಾರ್ಚ್ 27ರಂದು ನಮಗೆ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿತು. ಇದು ಸಣ್ಣ ಮಾತಲ್ಲ. ಎಷ್ಟೋ ಜನ ಹೆಸರಿಲ್ಲದೆ ದುಡಿದಿದ್ದಾರೆ.

ಆದರೆ ನಮ್ಮೂರಿನ ಪೋಲಿಯೋ ಭಾನುವಾರ ನೆನಪಿಸಿಕೊಂಡರೆ ನಗು ಬರುತ್ತದೆ. ಮನೆಮನೆ ತಿರುಗಿ, ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿ, ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಬರೆಯುವವರು ಆಶಾ ಕಾರ್ಯಕರ್ತೆಯರು. ಪೇಪರಿನಲ್ಲಿ ಬರುವುದು ಮೊದಲನೇ ಮಗು. ಅದರ ಬಾಯಿಗೆ ಎರಡು ಹನಿ ಹಾಕುವುದಕ್ಕೆ ಏಳು ಕೈಗಳು. ಮಗು ಹೆದರಿ ಕಿರುಚುತ್ತಿರುತ್ತದೆ. ಆಶಾ ಅಕ್ಕನ ಬೆರಳು ಫೋಟೋದ ಮೂಲೆಯಲ್ಲಿ ಅರ್ಧ ಕಾಣುತ್ತದೆ.

ಈಗ ಸರ್ಕಾರಿ ಶಾಲೆಗೆ ಬನ್ನಿ. ನೋಟ್‌ಬುಕ್ ವಿತರಣೆಗೆ ನಾನೂ ಹೋಗಿದ್ದೆ. ಹೋಗುವಾಗ ದಾರಿಯಲ್ಲಿ ಕಾರುಗಳನ್ನು ಎಣಿಸಿದೆ. ಪುಸ್ತಕದ ಬಂಡಲ್ಲುಗಳಿಗಿಂತ ಕಾರು ಒಂದು ಜಾಸ್ತಿ ಇತ್ತು. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ಬಿಸಿಯೂಟದ ಸಾಂಬಾರಿನ ವಾಸನೆ ಅಡುಗೆಮನೆಯಿಂದ ಬರುತ್ತಿತ್ತು. ಮುಂದಿನ ಸಾಲಿನ ಒಂದು ಹುಡುಗಿಯ ಕೈಗೆ ಪುಸ್ತಕ ಕೊಟ್ಟು ಫೋಟೋ ತೆಗೆದರು. ಅಷ್ಟರಲ್ಲಿ ಅಧ್ಯಕ್ಷರು ಬರಲಿಲ್ಲವಲ್ಲ ಅಂತ ನೆನಪಾಯಿತು. ಪುಸ್ತಕ ವಾಪಸ್ ತಗೊಂಡರು. ಅಧ್ಯಕ್ಷರು ಬಂದರು, ಮತ್ತೆ ಕೊಟ್ಟರು. ಬ್ಯಾನರಿನ ಒಂದು ತುದಿ ಗಾಳಿಗೆ ಮಡಚಿ, ಖಜಾಂಚಿಯ ಮುಖ ಮುಚ್ಚಿತ್ತು. ಮತ್ತೆ ತಗೊಂಡರು, ಮತ್ತೆ ಕೊಟ್ಟರು. "ನಗು ಪುಟ್ಟಿ, ನಗು" ಅಂತ ಎಲ್ಲರೂ ಹುರಿದುಂಬಿಸಿದರು.

ಪುಟ್ಟಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮೂರು ಕ್ಲಬ್ಬು ಪಳಗಿಸಿದ ಕೈ ಅದು. "ಸಾರ್, ಬುಕ್ಕನ್ನ ಹಿಂಗೆ ಓರೆ ಹಿಡೀಬೇಕು. ನೀವು ನೆಟ್ಟಗೆ ಹಿಡಿದ್ರೆ ಬಿಸಿಲು ಹೊಡೆದು ನಿಮ್ಮ ಹೆಸರು ಕಾಣಲ್ಲ" ಅಂದಳು. ಅಧ್ಯಕ್ಷರು ಓರೆ ಹಿಡಿದರು. ಫೋಟೋ ಬಹಳ ಚೆನ್ನಾಗಿ ಬಂತು.

ಹೊರಡುವಾಗ ಹೆಡ್ ಮೇಡಂ ಹಿಂದೆಯೇ ಬಂದರು. "ಸಾರ್, ಪುಸ್ತಕ ಸರ್ಕಾರದವರೂ ಕೊಡ್ತಾರೆ, ಇನ್ನೆರಡು ಕ್ಲಬ್ಬಿನವರೂ ಕೊಟ್ಟಿದ್ದಾರೆ. ಬೀರು ತುಂಬಿದೆ. ಹೆಣ್ಣುಮಕ್ಕಳ ಟಾಯ್ಲೆಟ್ಟಿನ ಪಿಟ್ಟು ತುಂಬಿ ಬೀಗ ಹಾಕಿದ್ದೀವಿ. ಮೋಟಾರಿಂದ ಬರೋ ಪೈಪೂ ಒಡೆದಿದೆ. ಅದೊಂದು ಮಾಡಿಸಿಕೊಟ್ಟರೆ ಪುಣ್ಯ ಬರುತ್ತೆ" ಅಂದರು. ಅಧ್ಯಕ್ಷರು "ಖಂಡಿತ ಮೇಡಂ, ಬೋರ್ಡ್ ಮೀಟಿಂಗಲ್ಲಿ ಇಡ್ತೀವಿ" ಅಂದರು.

ಇಟ್ಟರು ಕೂಡ. ಸುಳ್ಳು ಹೇಳಬಾರದು, ಗಂಭೀರವಾದ ಚರ್ಚೆಯೇ ನಡೆಯಿತು. ಸಭೆಯ ಶುರುವಿನಲ್ಲಿ ಎಲ್ಲರೂ ನಿಂತು, ಏನೇ ಮಾಡುವ ಮೊದಲು ಕೇಳಿಕೊಳ್ಳಬೇಕಾದ ಕ್ಲಬ್ಬಿನ ಪ್ರಶ್ನೆಗಳನ್ನು, ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ ಅಂತ ಒಪ್ಪಿಸಿದ್ದೂ ಆಗಿತ್ತು. ಖರ್ಚು ಜಾಸ್ತಿ ಏನಿರಲಿಲ್ಲ. ಪದಗ್ರಹಣದ ದಿನದ 'ಫೆಲೋಶಿಪ್' ಖರ್ಚಿನಲ್ಲಿ ಅಂಥ ನಾಲ್ಕು ಪಿಟ್ಟು ಖಾಲಿ ಮಾಡಿಸಬಹುದಿತ್ತು. ಫೆಲೋಶಿಪ್ ಅಂದರೆ ಸಭೆಯ ನಂತರದ ಊಟ ಮತ್ತು ಊಟಕ್ಕೆ ಮುಂಚಿನದು. ತೊಡಕು ಬಂದಿದ್ದು ಬೇರೆ ಕಡೆ. "ಪಿಟ್ಟು ನೆಲದ ಒಳಗಿರುತ್ತೆ, ಪೈಪೂ ನೆಲದ ಒಳಗಿರುತ್ತೆ. ಫಲಕ ಎಲ್ಲಿ ಹಾಕೋದು?" ಅಂತ ಕಾರ್ಯದರ್ಶಿ ಕೇಳಿದರು. ಸಭೆ ಮೌನವಾಯಿತು. ಟಾಯ್ಲೆಟ್ಟಿನ ಬಾಗಿಲಿಗೆ ಹಾಕೋಣ ಅಂತ ಒಬ್ಬರು ಅಂದರು. ನನ್ನ ಹೆಸರು ಅಲ್ಲಿ ಬೇಡಪ್ಪಾ ಅಂತ ಅಧ್ಯಕ್ಷರು ಕೈಮುಗಿದರು. "ಡಿಸ್ಟ್ರಿಕ್ಟಿಗೆ ರಿಪೋರ್ಟ್ ಕಳಿಸೋವಾಗ ಫೋಟೋ ಏನು ಹಾಕೋದು?" ಅಂತ ಇನ್ನೊಬ್ಬರು. ಕೊನೆಗೆ ಅದೇ ಶಾಲೆಯ ಗೇಟಿನ ಎದುರು ಬಸ್ ತಂಗುದಾಣ ಕಟ್ಟಿಸುವುದು ಅಂತ ಪಾಸಾಯಿತು. ಅಲ್ಲಿ ಬಸ್ ನಿಲ್ಲುವುದಿಲ್ಲ. ಬೋರ್ಡು ಮಾತ್ರ ದೂರಕ್ಕೂ ಕಾಣುತ್ತದೆ.

ಇಲ್ಲಿ ಸ್ವಲ್ಪ ಶಿಕಾಗೋಗೆ ಹೋಗಿ ಬರಬೇಕು. 1905ರ ಫೆಬ್ರವರಿ 23ರಂದು ಪಾಲ್ ಹ್ಯಾರಿಸ್ ಎಂಬ ವಕೀಲ ಇನ್ನು ಮೂವರನ್ನು ಕೂಡಿಸಿಕೊಂಡು ರೋಟರಿ ಶುರು ಮಾಡಿದ. ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಬಟ್ಟೆ ಹೊಲಿಸುವ ಅಂಗಡಿಯವ. ನಾಲ್ಕು ಜನ ಸ್ನೇಹಿತರು ಸೇರಿದರೆ ವ್ಯಾಪಾರವೂ ಕುದುರುತ್ತದೆ ಅನ್ನುವ ಲೆಕ್ಕ ಅವರಿಗೂ ಇತ್ತು, ದೇವತೆಗಳೇನಲ್ಲ. ಎರಡು ವರ್ಷ ಕಳೆದ ಮೇಲೆ, 1907ರಲ್ಲಿ, ಊರಿಗೆ ಏನಾದರೂ ಮಾಡೋಣ ಅಂತ ಮೊದಲು ಕೈಹಾಕಿದ ಕೆಲಸ ಯಾವುದು ಗೊತ್ತಾ? ಸಾರ್ವಜನಿಕ ಶೌಚಾಲಯ. ಮದ್ಯದ ವ್ಯಾಪಾರಿಗಳೂ ದೊಡ್ಡ ಅಂಗಡಿಗಳವರೂ ಅಡ್ಡ ಬಂದರಂತೆ. ಶೌಚಕ್ಕೆ ಅಂತ ಒಳಗೆ ಬಂದವರೇ ಗಿರಾಕಿಗಳಾಗುತ್ತಿದ್ದರಲ್ಲ, ಅದು ತಪ್ಪುತ್ತದೆ ಅಂತ. ಇವರು ಬಿಡಲಿಲ್ಲ.

ಇದನ್ನು ಸಭೆಯಲ್ಲಿ ಹೇಳಿದೆ. ಎಲ್ಲರಿಗೂ ಬಹಳ ಖುಷಿಯಾಯಿತು. "ಎಷ್ಟು ಓದಿಕೊಂಡಿದ್ದೀರಣ್ಣ" ಅಂತ ಹೇಳಿ ನನ್ನನ್ನು ಬುಲೆಟಿನ್ ಸಂಪಾದಕನನ್ನಾಗಿ ಮಾಡಿದರು.

ಅಷ್ಟರಲ್ಲಿ ಕ್ಲಬ್ಬು ಒಡೆಯಿತು. ಮುಂದಿನ ವರ್ಷದ ಅಧ್ಯಕ್ಷಗಿರಿಗೆ ಇಬ್ಬರು ನಿಂತಿದ್ದರು. ಸೋತವರು ಸುಮ್ನೆ ಕೂರಲಿಲ್ಲ. ಹೊಸ ಕ್ಲಬ್ಬಿಗೆ ಬೇಕಾಗಿರುವುದು 20 ಜನ ಅಷ್ಟೇ ತಾನೆ? ಅಣ್ಣ, ತಮ್ಮ, ಇಬ್ಬರು ಭಾವಮೈದುನರು, ಅಳಿಯ, ಅಂಗಡಿಯ ಮ್ಯಾನೇಜರ್, ಲೆಕ್ಕ ಬರೆಯುವವನು, ಜಿಎಸ್‌ಟಿ ಫೈಲ್ ಮಾಡುವ ಹುಡುಗ ಎಲ್ಲ ಸೇರಿ ಸಂಜೆಯೊಳಗೆ 20 ತುಂಬಿತು. ಈಗ ಅವರು ಸ್ಥಾಪಕ ಅಧ್ಯಕ್ಷರು. ಈ ಪದವಿಗೆ ಜೂನ್ 30 ಇಲ್ಲ, ಸಾಯುವವರೆಗೂ ಇರುತ್ತದೆ. ಊರಿನ ಕ್ಲಬ್ಬುಗಳು ನಾಲ್ಕಾದವು. ಫ್ಲೆಕ್ಸ್ ಅಂಗಡಿಯವನು ಇನ್ನೊಂದು ಮೆಷಿನ್ ತರಿಸಿದ.

ಹಳೇ ಕ್ಲಬ್ಬಿನವರ ಮುಖಕ್ಕೆ ಹೊಡೆದ ಹಾಗೆ ಏನಾದರೂ ಮಾಡಬೇಕು ಅಂತ ಸ್ಥಾಪಕ ಅಧ್ಯಕ್ಷರಿಗೆ ಹಟ. ಅವರು ಬಿಟ್ಟ ಆ ಪಿಟ್ಟನ್ನೇ ನಾವು ಮಾಡೋಣ ಅಂದರು. ಸಕಿಂಗ್ ಗಾಡಿಯವನಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಪ್ಲಂಬರ್ ಬಂದು ಅಳತೆ ತಗೊಂಡು ಹೋಗಿದ್ದಾನೆ. ಹೆಡ್ ಮೇಡಂ ಯಾವಾಗ ಬರ್ತೀರಾ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಉದ್ಘಾಟನೆಗೆ ಎಮ್ಮೆಲ್ಲೆ ಸಾಹೇಬರ ಡೇಟ್ ಸಿಕ್ಕಿಲ್ಲ. ಅಲ್ಲಿಯವರೆಗೆ ಬೀಗ ತೆಗೆಯಬೇಡಿ, ಟೇಪನ್ನು ಅದಕ್ಕೇ ಕಟ್ಟಬೇಕು ಅಂತ ಸ್ಥಾಪಕ ಅಧ್ಯಕ್ಷರು ಹೇಳಿದ್ದಾರೆ.