ಊದಬೇಕೆಂದುಕೊಂಡ ಸೀಟಿ

ನೀರಿನೊಳಗೆ ಮೀನಿನ ಹೆಜ್ಜೆ ಗುರುತಿಸಲಾಗದು ಎಂದು ಹಿರಿಯರು ಹೇಳಿಟ್ಟಿದ್ದಾರಾದರೂ, ಅದೇ ನೀರು ಹೆಪ್ಪುಗಟ್ಟಿ ಐಸ್ ಹಾಕಿಯ ಅಂಗಳವಾದೊಡನೆ ಆಟಗಾರನ ಅಂತರಂಗದ ಹೆಜ್ಜೆಯೂ ರೆಫರಿಗಳ ಕಣ್ಣಿಗೆ ನಿಚ್ಚಳವಾಗಿ ಕಾಣತೊಡಗುತ್ತದೆ. ಭರದಿಂದ ಜಾರಿಬಂದ ಇಬ್ಬರು ಡಿಕ್ಕಿ ಹೊಡೆದಾಗ ಕೋಲು ತಾನಾಗಿ ತಾಗಿತೋ, ಬೇಕೆಂದೇ ತಾಗಿಸಿದ್ದೋ ಎಂಬುದು ತಾಗಿಸಿದವನಿಗೇ ಖಚಿತವಾಗುವ ಮುನ್ನ ರೆಫರಿ ಮಹಾಶಯರು ಕೈ ಎತ್ತಿರುತ್ತಾರೆ.

ಅಮೆರಿಕ ಮತ್ತು ಕೆನಡಾಗಳ ನ್ಯಾಷನಲ್ ಹಾಕಿ ಲೀಗ್ ಈ ದಿವ್ಯಜ್ಞಾನಕ್ಕೆ ಅಳತೆಗೋಲನ್ನೂ ಒದಗಿಸಿದೆ. ಮೇಲೆದ್ದ ಕೋಲು ಎದುರಾಳಿಯ ಮುಖಕ್ಕೆ ತಾಗಿದರೆ 2 ನಿಮಿಷ ಅಂಗಳದ ಹೊರಗೆ ಕೂರುವ ಶಿಕ್ಷೆ, ಅಂದರೆ ಪೆನಾಲ್ಟಿ. ಗಾಯವಾದರೆ, ಅದು ಅಕಸ್ಮಾತ್ತಾಗಿ ಆದದ್ದೇ ಇರಲಿ, 4 ನಿಮಿಷ. ಗಾಯಗೊಳಿಸಲೆಂದೇ ಬೀಸಿದ್ದೆಂದು ತೋರಿದರೆ ಪಂದ್ಯದಿಂದಲೇ ಹೊರಕ್ಕೆ. ಆದ್ದರಿಂದ ಮನಸ್ಸಿನ ತನಿಖೆಗೆ ಹೊರಟ ರೆಫರಿ ಮೊದಲು ಪೆಟ್ಟು ತಿಂದವನ ತುಟಿಯಲ್ಲಿ ರಕ್ತ ಹುಡುಕುತ್ತಾರೆ. ಒಬ್ಬನ ಚರ್ಮ ತೆಳುವಾದಷ್ಟೂ ಇನ್ನೊಬ್ಬನ ಪಾಪ ದಪ್ಪವಾಗುತ್ತದೆ.

ಸ್ಕೇಟಿಗೆ ತಗುಲಿ ಗೋಲಿನೊಳಗೆ ಹೋದ ಪಕ್ಕಿನ, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯ, ವಿಚಾರಣೆ ಇನ್ನೂ ಗಹನವಾದದ್ದು. ಕಾಲಿಗೆ ಸುಮ್ಮನೆ ತಗುಲಿ ಹೋದರೆ ಗೋಲು, ಸ್ಪಷ್ಟವಾಗಿ ಒದ್ದಂತಿದ್ದರೆ ಗೋಲಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದ ಆ ಘಟನೆಯನ್ನು ಟೊರಾಂಟೊದಲ್ಲಿರುವ ಲೀಗಿನ ಕೋಣೆಯೊಂದರಲ್ಲಿ ಕುಳಿತವರು ವಿಡಿಯೊದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿ ಪರೀಕ್ಷಿಸುತ್ತಾರೆ. ಅಷ್ಟು ನಿಧಾನವಾಗಿ ನೋಡಿದರೆ ಯಾವ ಕಾಲು ತಾನೇ ಸಂಚು ಹೂಡುತ್ತಿರುವಂತೆ ಕಾಣುವುದಿಲ್ಲ?

ಒಂದು ವಿಷಯದಲ್ಲಿ ಮಾತ್ರ ಲೀಗ್ ಈ ವಿದ್ಯೆಯ ಮೇಲಿನ ನಂಬಿಕೆ ಕಳೆದುಕೊಂಡಿತು. ತನ್ನ ರಕ್ಷಣಾ ವಲಯದಿಂದ ಪಕ್ಕನ್ನು ನೇರವಾಗಿ ಅಂಗಳದ ಸುತ್ತಲಿನ ಗಾಜಿನ ಗೋಡೆಯಾಚೆ ಹಾರಿಸಿದವನಿಗೆ, ಉದ್ದೇಶವೇನೇ ಇದ್ದರೂ 2 ನಿಮಿಷ ಎಂದು 2005-06ರ ಋತುವಿನಿಂದ ವಿಧಿಸಲಾಯಿತು. ಅಂತರಂಗವನ್ನು ಓದಬಲ್ಲವರಿಗೆ ಗಾಜು ಅಡ್ಡಬಂದಿತೆಂದು ಕಾಣುತ್ತದೆ.

ಆಟಗಾರನ ಉದ್ದೇಶಕ್ಕೆ ರಕ್ತ, ಸ್ಕೇಟು, ಟೊರಾಂಟೊ ಎಂದು ಇಷ್ಟೆಲ್ಲ ಸಾಕ್ಷಿ ಬೇಕಾದರೆ, ರೆಫರಿಯ ಉದ್ದೇಶಕ್ಕೆ ಯಾವ ಸಾಕ್ಷಿಯೂ ಬೇಕಿಲ್ಲ. ಸೀಟಿ ಊದುವುದು ಮನುಷ್ಯಮಾತ್ರದವರ ಕೆಲಸವಾದ್ದರಿಂದ, ಸದ್ದು ಹೊರಡುವುದಕ್ಕೆ ತುಸು ಮೊದಲೇ ಆಟ ನಿಂತಿತೆಂದು ಅವರು ಪರಿಗಣಿಸಬಹುದು ಎನ್ನುತ್ತದೆ ನಿಯಮ. ಪಕ್ಕು ಗೆರೆ ದಾಟಿ, ಜನ ಎದ್ದು ನಿಂತು ಕೂಗಿದ ಮೇಲೂ, ತಾನು ಆಗಲೇ ಊದಬೇಕೆಂದುಕೊಂಡಿದ್ದೆ ಎಂದು ರೆಫರಿ ಹೇಳಿದರೆ ಗೋಲು ಗಾಳಿಗೆ ಹೋದಂತೆಯೇ. ಆ ಸಂಕಲ್ಪವನ್ನು ಮರುಪ್ರಸಾರದಲ್ಲಿ ತೋರಿಸಬಲ್ಲ ಕ್ಯಾಮೆರಾ ಇನ್ನೂ ಹುಟ್ಟಿಲ್ಲ. ಹುಟ್ಟುವುದು ಯಾರಿಗೂ ಬೇಕಾಗಿಯೂ ಇರಲಾರದು.

ಕ್ಯಾಮೆರಾ ಮಾಡಲಾಗದ್ದನ್ನು 2021ರ ಮಾರ್ಚ್‌ನಲ್ಲಿ ಮೈಕ್ ಮಾಡಿತು. ನ್ಯಾಶ್‌ವಿಲ್ ಮತ್ತು ಡೆಟ್ರಾಯ್ಟ್ ತಂಡಗಳ ಪಂದ್ಯದಲ್ಲಿ, ತಪ್ಪೇನೂ ದೊಡ್ಡದಲ್ಲ, ಆದರೆ ನ್ಯಾಶ್‌ವಿಲ್ ವಿರುದ್ಧ ಬೇಗನೆ ಒಂದು ಪೆನಾಲ್ಟಿ ಕೊಡಬೇಕೆಂದಿದ್ದೆ ಎಂಬರ್ಥದ ರೆಫರಿ ಟಿಮ್ ಪೀಲ್ ಅವರ ಮಾತು, ನಡುವೆ ಅಚ್ಚುಹಾಕಲಾಗದ ಒಂದು ಪದದ ಸಮೇತ, ನೇರಪ್ರಸಾರದಲ್ಲಿ ಕೇಳಿಬಂತು. ಊಹೆ, ರಕ್ತ, ನಿಧಾನಗತಿಯ ಚಿತ್ರ ಯಾವುದೂ ಇಲ್ಲದೆ, ಉದ್ದೇಶವೊಂದು ಕರ್ತೃವಿನ ಬಾಯಿಂದಲೇ ಹೊರಬಿದ್ದಿತ್ತು. ಮರುದಿನವೇ ಲೀಗ್, ಪೀಲ್ ಇನ್ನೆಂದೂ ತನ್ನ ಪಂದ್ಯಗಳಲ್ಲಿ ಸೀಟಿ ಹಿಡಿಯುವುದಿಲ್ಲವೆಂದು ಘೋಷಿಸಿತು. ಹೇಗಿದ್ದರೂ ಮುಂದಿನ ತಿಂಗಳು ನಿವೃತ್ತರಾಗಲಿದ್ದವರು ಅವರು. ಪೆನಾಲ್ಟಿ ಪಡೆದ ಆಟಗಾರನ ಆ 2 ನಿಮಿಷವನ್ನು ಮಾತ್ರ ಯಾವ ಘೋಷಣೆಯೂ ಹಿಂದಿರುಗಿಸಲಿಲ್ಲ.