ಪಿಯಾನೋ ಮೆಟ್ಟಿಲು: ಶೇ 66ರ ಲೆಕ್ಕದ ಬಗ್ಗೆ ಸ್ಪಷ್ಟನೆ

"ಸ್ವೀಡನ್ ಸರ್ಕಾರ ಎಲ್ಲ ಮೆಟ್ರೋ ನಿಲ್ದಾಣಗಳಲ್ಲೂ ಪಿಯಾನೋ ಮೆಟ್ಟಿಲು ಹಾಕಿಸಿದೆ, ಈಗ ಶೇ 66 ಜನ ಎಸ್ಕಲೇಟರ್ ಹತ್ತುವುದೇ ಇಲ್ಲ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಜೊತೆಗಿರುವ ವಿಡಿಯೋ ನಿಜ. ಒಕ್ಕಣೆ ತಪ್ಪು.

ವಿಡಿಯೋ 2009ರದು. ಜಾಗ ಸ್ಟಾಕ್‌ಹೋಮ್‌ನ ಓಡೆನ್‌ಪ್ಲಾನ್ ನಿಲ್ದಾಣ, ಅದೊಂದೇ. ಮಾಡಿಸಿದ್ದು ಸರ್ಕಾರವಲ್ಲ, ಫೋಕ್ಸ್‌ವ್ಯಾಗನ್ ಕಾರು ಕಂಪನಿ, ತನ್ನ 'ಫನ್ ಥಿಯರಿ' ಜಾಹೀರಾತಿಗಾಗಿ. ಎಸ್ಕಲೇಟರ್ ಪಕ್ಕದ ಮೆಟ್ಟಿಲುಗಳಿಗೆ ಪಿಯಾನೋದ ಕಪ್ಪು-ಬಿಳಿ ಮನೆಗಳ ರೂಪ ಕೊಟ್ಟಿದ್ದರು. ಕಾಲಿಟ್ಟರೆ ಸ್ವರ ಬರುತ್ತಿತ್ತು. ಅದು ತಾತ್ಕಾಲಿಕ ಪ್ರಯೋಗ.

ಇನ್ನು ಶೇ 66. ವಿಡಿಯೋ ಹೇಳುವುದು "ಮಾಮೂಲಿಗಿಂತ ಶೇ 66ರಷ್ಟು ಜಾಸ್ತಿ ಜನ ಮೆಟ್ಟಿಲು ಹತ್ತಿದರು" ಎಂದು. ನೂರರಲ್ಲಿ 66 ಜನ ಎಂದಲ್ಲ. ಮೊದಲು 30 ಜನ ಹತ್ತುತ್ತಿದ್ದರೆ ಈಗ ಸುಮಾರು 50. ಮೊದಲು ಐದೇ ಜನ ಇದ್ದರೆ ಎಂಟು, ಅಷ್ಟೇ! ಲೆಕ್ಕ ಕೊಟ್ಟಿರುವುದೂ ಜಾಹೀರಾತೇ ಅನ್ನುವುದು ನೆನಪಿರಲಿ. ಹೊಸತು ಕಂಡಾಗ ಯಾರಿಗಾದರೂ ಒಮ್ಮೆ ತುಳಿದು ನೋಡೋಣ ಅನಿಸುತ್ತದೆ, ಅಲ್ವಾ? ಆ ಉತ್ಸಾಹ ವರ್ಷಗಟ್ಟಲೆ ಉಳಿಯುತ್ತದೆ ಎಂದು ಇದರಿಂದ ಹೇಳಲಾಗದು.

ಅದೇ ಸಂದೇಶದ ಕೊನೆಯಲ್ಲಿರುವ "ನಿಧಾನವಾಗಿ ಗಾಡಿ ಓಡಿಸಿದರೆ ಲಾಟರಿ ಹಣ" ಕೂಡ ಸ್ವೀಡನ್ನಿನ ಕಾನೂನಲ್ಲ. ಅದೂ ಇದೇ ಪ್ರಚಾರದ ಭಾಗವಾಗಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಕಿರು ಪ್ರಯೋಗ. ಅಲ್ಲಿ ಸರಾಸರಿ ವೇಗ ಗಂಟೆಗೆ 32ರಿಂದ 25 ಕಿ.ಮೀ.ಗೆ ಇಳಿಯಿತು ಎಂದು ವರದಿಯಾಗಿತ್ತು.

ಆಟದಿಂದ ಊರಿಗೆ ಉಪಯೋಗವಿಲ್ಲ ಎಂದು ನಾನು ಹೇಳುತ್ತಿಲ್ಲ. ವಿಡಿಯೋ ಚೆನ್ನಾಗಿದೆ, ನೋಡಿ. ಆದರೆ ಆ ಒಕ್ಕಣೆಯನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.