ಫಾರ್ಮ್ಯಾಟ್ ಹೊಡೀಲಾ ಸಾರ್?

ಮನೆಗೆ ಬಂದ ಯಂತ್ರಗಳಲ್ಲಿ ಕಂಪ್ಯೂಟರಿಗೆ ಸಿಕ್ಕಷ್ಟು ಭಯಭಕ್ತಿ ಇನ್ನೊಂದಕ್ಕೆ ಸಿಕ್ಕಿಲ್ಲ. ಫ್ರಿಜ್ಜಿನ ನೆತ್ತಿಯ ಮೇಲೆ ಹಳೇ ಪೇಪರು, ಬೀಗದ ಕೈ, ಮಾತ್ರೆ ಡಬ್ಬಿ ಎಲ್ಲವನ್ನೂ ಹೇರಿದ್ದೇವೆ. ಟಿ.ವಿ.ಯ ತಲೆಗೆ ಎರಡೇಟು ಹಾಕಿ ಚಿತ್ರ ಸರಿಮಾಡಿಕೊಂಡಿದ್ದೇವೆ. ಕಂಪ್ಯೂಟರಿಗೆ ಮಾತ್ರ ಕಸೂತಿ ಹಾಕಿದ ಮುಸುಕು, ಅದಕ್ಕೆಂದೇ ಮಾಡಿಸಿದ ಗಾಲಿಯ ಮೇಜು, ಹತ್ತಿರ ಸುಳಿದ ಮಕ್ಕಳಿಗೆ ‘ಕೈ ತೊಳ್ಕೊಂಡು ಬಾ’ ಎಂಬ ಆಜ್ಞೆ. 1990ರ ದಶಕದಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಧೂಳಿನ ಕಾರಣಕ್ಕೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಒಳಗೆ ಕಾಲಿಟ್ಟೊಡನೆ ಅವರ ದನಿಯೂ ತಗ್ಗುತ್ತಿದ್ದುದಕ್ಕೆ ಧೂಳು ಕಾರಣವಿರಲಾರದು.

ಈ ಭಕ್ತಿ ನೆತ್ತಿಗೇರುವುದು ಆಯುಧಪೂಜೆಯ ದಿನ. ಮಾನಿಟರಿನ ಹಣೆಗೆ ಮೂರು ಗೆರೆ ವಿಭೂತಿ, ಸಿಪಿಯು ಪೆಟ್ಟಿಗೆಗೆ ಸೇವಂತಿಗೆ ಹಾರ, ಕೀಬೋರ್ಡಿನ ಮೇಲೆ ಅಕ್ಷತೆ. ಅಕ್ಷತೆಯ ಒಂದು ಕಾಳು ಸ್ಪೇಸ್‌ಬಾರಿನ ಅಡಿ ಸೇರಿತೆಂದರೆ ಮುಂದಿನ ದಸರೆಯ ತನಕ ಪದಗಳೆಲ್ಲ ಒಂದಕ್ಕೊಂದು ತಬ್ಬಿಕೊಂಡೇ ಬರುತ್ತವೆ. ಕುಂಕುಮದ ಹುಡಿಯನ್ನು ಫ್ಯಾನು ಒಳಗೆಳೆದುಕೊಳ್ಳುತ್ತದೆ. ಪೂಜೆಯೇ ಬೇಡವೆನ್ನುವವನು ನಾನಲ್ಲ; ಸ್ವಿಚ್ ಆರಿಸಿ, ಕುಂಕುಮ ಕಲಸಿ, ಹೊರಮೈಗೊಂದು ಬೊಟ್ಟಿಟ್ಟರೆ ದೇವರಿಗೂ ಯಂತ್ರಕ್ಕೂ ಸಮ್ಮತ. ಮುಸುಕಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಓಡುತ್ತಿರುವ ಯಂತ್ರದ ಗಾಳಿಕಿಂಡಿಗೆ ಬಟ್ಟೆ ಇಳಿಬಿಟ್ಟರೆ ಒಳಗೆ ಬಿಸಿ ಕಟ್ಟಿ ಅದು ತಾನೇ ಆರಿಹೋಗುತ್ತದೆ. ಲ್ಯಾಪ್‌ಟಾಪನ್ನು ರಜಾಯಿಯ ಮೇಲಿಟ್ಟುಕೊಂಡು ಸಿನಿಮಾ ನೋಡುವವರೂ ಇದೇ ಪಂಗಡ.

ಕೊಳ್ಳುವ ಪ್ರಸಂಗಕ್ಕೆ ಬರೋಣ. ಕಂಪ್ಯೂಟರ್ ಬೇಕು ಎಂದು ಮನೆಯಲ್ಲಿ ತೀರ್ಮಾನವಾದ ಮೇಲೆ ಮೊದಲು ಹುಡುಕುವುದು ಕಂಪ್ಯೂಟರನ್ನಲ್ಲ, ‘ಗೊತ್ತಿರೋ ಹುಡುಗ’ನನ್ನು. ಬಳಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಒಬ್ಬ ಅಳಿಯನೋ ತಮ್ಮನ ಮಗನೋ ಇದ್ದೇ ಇರುತ್ತಾನೆ. ಓದುತ್ತಿರುವುದು ಸಿವಿಲ್ ಆದರೂ ಅಡ್ಡಿಯಿಲ್ಲ. ಅವನು ನಮ್ಮನ್ನು ಬೆಂಗಳೂರಿನ ಎಸ್.ಪಿ. ರೋಡಿಗೆ ಕರೆದೊಯ್ಯುತ್ತಾನೆ. ಒಂದು ಅಂಗಡಿಯಲ್ಲಿ ಮದರ್‌ಬೋರ್ಡು, ಎದುರಿನದರಲ್ಲಿ ರ್‍ಯಾಮು, ಮಹಡಿ ಮೇಲಿನ ಕಿರುಗೂಡಿನಲ್ಲಿ ಹಾರ್ಡ್ ಡಿಸ್ಕು. ಎಲ್ಲ ಜೋಡಿಸಿದ ಪೆಟ್ಟಿಗೆಯನ್ನು ಆಟೋದಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಬರುವಾಗ ರಸ್ತೆಯ ಒಂದೊಂದು ಗುಂಡಿಗೂ ಮನೆಯಾತನ ಎದೆ ಧಸಕ್ಕೆನ್ನುತ್ತದೆ.

ಅಲ್ಲಿನ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬರುವ ಪ್ರಶ್ನೆಯೊಂದಿದೆ: ‘ಬಿಲ್ ಬೇಕಾ ಸಾರ್, ಹಾಗೇ ಕೊಡ್ಲಾ?’ ಹಾಗೇ ಕೊಂಡರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತೆಂದು ಹಿಗ್ಗುವವರಿದ್ದಾರೆ. ಹಿಗ್ಗು ವಾರಂಟಿಯ ಮಾತು ಬರುವವರೆಗೆ. ಸರ್ವಿಸ್ ಸೆಂಟರಿನವರು ಮೊದಲು ಕೇಳುವುದೇ ಬಿಲ್ಲು; ಅಂಗಡಿಯವನು ಚೀಟಿಯ ಹಿಂದೆ ‘ಒನ್ ಇಯರ್’ ಎಂದು ಬರೆದುಕೊಟ್ಟದ್ದು ಅಲ್ಲಿ ನಡೆಯುವುದಿಲ್ಲ. ಬಿಲ್ಲು ಪಡೆದವರಿಗೂ ಒಂದು ಮಾತು. ನುಣುಪು ಕಾಗದದ ಮೇಲೆ ಶಾಖದಿಂದ ಮೂಡಿಸಿದ ಅಕ್ಷರಗಳು ಬೀರುವಿನೊಳಗೇ ಮಾಸಿ ಬಿಳಿ ಹಾಳೆ ಉಳಿಯುತ್ತದೆ. ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಅದರದೊಂದು ಫೋಟೋ ತೆಗೆದುಕೊಳ್ಳುವುದು ಜಾಣತನ.

‘ಐ7 ಇದೆ ಸಾರ್, ಹೆವಿ ಪ್ರೊಸೆಸರ್’ ಎಂಬುದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಮಾರುವವರ ಮಂತ್ರ. ಇಂಟೆಲ್ ಕಂಪನಿಯ ಪ್ರೊಸೆಸರುಗಳಿಗೆ ಐ3, ಐ5, ಐ7 ಎಂಬವು ಮನೆತನದ ಹೆಸರಿದ್ದಂತೆ. ಹುಡುಗ ಯಾವ ತಲೆಮಾರಿನವನು ಎಂದು ಕೇಳದೆ ಹೆಣ್ಣು ಕೊಡಬಾರದು. 2013ರ ಐ7-4600ಯು ಎಂಬ ಲ್ಯಾಪ್‌ಟಾಪ್ ಪ್ರೊಸೆಸರಿನಲ್ಲಿ ಇದ್ದದ್ದು ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಮಿದುಳು. 2017ರ ಐ5-8250ಯುನಲ್ಲಿ ನಾಲ್ಕು. ದೊಡ್ಡ ಮನೆತನದ ಹಿರಿಯರನ್ನು ಸಣ್ಣ ಮನೆತನದ ಮೊಮ್ಮಗ ಓಟದಲ್ಲಿ ಆರಾಮಾಗಿ ಹಿಂದಿಕ್ಕುತ್ತಾನೆ. ಅಡ್ಡಗೆರೆಯ ನಂತರದ ಮೊದಲ ಅಂಕಿಯೇ ತಲೆಮಾರು. 10ನೇ ತಲೆಮಾರು ಮತ್ತು ಅದರಿಂದೀಚಿನವಕ್ಕೆ ಮೊದಲೆರಡು ಅಂಕಿ. ಇಷ್ಟು ಓದಲು ಗೊತ್ತಿದ್ದರೆ ಗೊತ್ತಿರೋ ಹುಡುಗನ ಅರ್ಧ ಕೆಲಸ ಹೋಯಿತು. ಇನ್ನು 1 ಟಿಬಿ ಡಿಸ್ಕು ತಂದು ಹಾಕಿದಾಗ ಪರದೆಯಲ್ಲಿ 931 ಜಿಬಿ ಎಂದು ಕಂಡರೆ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ತಯಾರಿಸಿದವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಅಳೆಯುತ್ತದೆ, ಅಷ್ಟೇ.

ಇಷ್ಟೆಲ್ಲ ಚೌಕಾಸಿ ಮಾಡಿ ತಂದ ಯಂತ್ರವನ್ನು ನಾವು ಎಂಥ ಪ್ಲಗ್ಗಿಗೆ ಚುಚ್ಚುತ್ತೇವೆ ಎನ್ನುವುದನ್ನು ಯಾರೂ ಕೇಳುವುದಿಲ್ಲ. ಹಳೇ ಮನೆಗಳಲ್ಲಿ ಮೂರು ತೂತಿನ ಪಾಯಿಂಟ್ ಇರುತ್ತದೆ, ಮೂರನೆಯ ತೂತಿನ ಹಿಂದೆ ಭೂಮಿಗೆ ಹೋಗಬೇಕಾದ ವೈರೇ ಇರುವುದಿಲ್ಲ. ಮೂರು ಕಾಲಿನ ಪ್ಲಗ್ಗು ಎರಡು ತೂತಿಗೆ ಹಿಡಿಸಲಿಲ್ಲವೆಂದು ಮೇಲಿನ ದಪ್ಪ ಕಾಲನ್ನು ಇಕ್ಕಳದಿಂದ ಕತ್ತರಿಸಿದ ಮಹನೀಯರೂ ಉಂಟು. ಆಮೇಲೆ ಬರಿಗಾಲಲ್ಲಿ ನಿಂತು ಸಿಪಿಯು ಪೆಟ್ಟಿಗೆ ಮುಟ್ಟಿದರೆ ಜುಮ್ ಎನ್ನುತ್ತದೆ. ‘ಸ್ವಲ್ಪ ಶಾಕ್ ಹೊಡೆಯುತ್ತೆ, ರೂಢಿಯಾಗುತ್ತೆ’ ಎಂದು ಮನೆಯವರು ಅಭಯ ನೀಡುತ್ತಾರೆ. ಆ ಜುಮ್ಮಿಗೆ ಕಾರಣ ಸರಳ. ಪವರ್ ಸಪ್ಲೈನೊಳಗಿನ ಎರಡು ಪುಟ್ಟ ಕೆಪಾಸಿಟರುಗಳು ತಂತಿಯ ಗದ್ದಲವನ್ನು ಭೂಮಿಗೆ ದಾಟಿಸಲೆಂದು ಕೂತಿವೆ. ಭೂಮಿಗೆ ದಾರಿ ಇಲ್ಲದಿದ್ದರೆ ಪೆಟ್ಟಿಗೆಯ ಮೈಮೇಲೆ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧ ನಿಂತಿರುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಜುಮ್ಮೆನ್ನುವುದಕ್ಕೇ ಮುಗಿಯುತ್ತದೆ. ಒಳಗೆ ಬೇರೇನಾದರೂ ಕೆಟ್ಟ ದಿನ ಅಷ್ಟಕ್ಕೇ ಮುಗಿಯುತ್ತದೆಂಬ ಭರವಸೆಯಿಲ್ಲ. ಒಳ್ಳೆಯ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಇದ್ದಿಲು ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ಅದಕ್ಕೊಂದು ಬಕೆಟ್ ನೀರು ಹುಯ್ಯುವುದು ಆ ಗಾಲಿಯ ಮೇಜಿಗಿಂತ ಮೇಲಿನ ಉಪಚಾರ.

ಯುಪಿಎಸ್ ಬಗ್ಗೆಯೂ ನಮ್ಮ ಜನಕ್ಕೆ ವಿಚಿತ್ರ ನಿರೀಕ್ಷೆ. ಕರೆಂಟು ಹೋದ ಮೇಲೂ ಮಗ ಆಟ ಮುಂದುವರಿಸಲಿ ಎಂದು ಅದನ್ನು ತರುತ್ತಾರೆ. ಮನೆಬಳಕೆಯ ಸಾಮಾನ್ಯ 600 ವಿಎ ಪೆಟ್ಟಿಗೆಯೊಳಗೆ ಇರುವುದು 12 ವೋಲ್ಟಿನ ಒಂದು ಸಣ್ಣ ಸೀಸದ ಬ್ಯಾಟರಿ. ಬರೆದದ್ದನ್ನು ಉಳಿಸಿ ಮರ್ಯಾದೆಯಿಂದ ಆರಿಸಲು ಸಾಕಾಗುವಷ್ಟು ಹೊತ್ತು ಕೊಡುವುದಷ್ಟೇ ಅದರ ಕೆಲಸ. ಎರಡು ಮೂರು ವರ್ಷಕ್ಕೆ ಅದು ಸೊರಗುತ್ತದೆ, ಬ್ಯಾಟರಿಯೊಂದನ್ನೇ ಬದಲಿಸಿದರೆ ಸಾಕು. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಸಿಕ್ಕಿಸಬಾರದು. ಪ್ರಿಂಟರು ಬಿಸಿಯೇರುವ ಕ್ಷಣಕ್ಕೆ ಯುಪಿಎಸ್ ಕಿರುಚಿಕೊಳ್ಳುತ್ತದೆ.

ಮಲೆನಾಡು, ಕರಾವಳಿಯವರಿಗೆ ಇದೆಲ್ಲಕ್ಕಿಂತ ದೊಡ್ಡ ಶತ್ರು ಮೇಲಿದ್ದಾನೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್-ಮೇ, ಮಳೆ ಹಿಂದೆ ಸರಿಯುವ ಅಕ್ಟೋಬರ್, ಈ ಎರಡು ಹೊತ್ತಿನ ಸಂಜೆಗಳಲ್ಲಿ ಗುಡುಗು ದೂರದಲ್ಲಿ ಗೊಣಗಿದರೂ ಮನೆಮಂದಿ ಎದ್ದು ಪ್ಲಗ್ಗು ಕೀಳುತ್ತಾರೆ. ಸ್ವಿಚ್ ಆರಿಸಿದರೆ ಸಾಲದು, ಕೀಳಲೇಬೇಕು. ಮೋಡದಿಂದ ನೆಲದವರೆಗೆ ಹಾರಿಬಂದ ಸಿಡಿಲಿಗೆ ಸ್ವಿಚ್ಚಿನ ಒಳಗಿನ ಕೂದಲೆಳೆ ಅಂತರ ಯಾವ ಲೆಕ್ಕ? ಪ್ಲಗ್ಗು ಕಿತ್ತು, ಟೆಲಿಫೋನ್ ವೈರನ್ನು ಮರೆತು, ಮೋಡೆಮ್ಮು ಮತ್ತು ಮದರ್‌ಬೋರ್ಡು ಎರಡನ್ನೂ ಕಳಕೊಂಡ ಮನೆಗಳು ಊರೂರಲ್ಲಿವೆ. ಅಡಿಕೆ ತೋಟಗಳ ನಡುವೆ ಕಂಬದಿಂದ ಕಂಬಕ್ಕೆ ಮೈಲುಗಟ್ಟಲೆ ನಡೆದುಬರುವ ತಾಮ್ರದ ತಂತಿಗಿಂತ ಸಿಡಿಲಿಗೆ ಬೇರೆ ದಾರಿ ಬೇಕೇ? ಈಗ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ಎನ್ನುವುದು ನೆಮ್ಮದಿ. ಆದರೆ ಮೋಡೆಮ್ಮಿನ ಅಡಾಪ್ಟರು ಇನ್ನೂ ಗೋಡೆಯ ಕರೆಂಟಿನಲ್ಲೇ ಇದೆ, ಅದನ್ನೂ ಕೀಳಿ.

ಇನ್ನು ಹಲ್ಲಿ. ಸಿಪಿಯುವಿನ ಹಿಂಬದಿ ಖಾಲಿ ಕಿಂಡಿಗೆ ತಗಡಿನ ಪಟ್ಟಿ ಹಾಕದಿದ್ದರೆ ಚಳಿಗಾಲದಲ್ಲಿ ಬೆಚ್ಚಗಿನ ಜಾಗವೆಂದು ಹಲ್ಲಿ ಒಳಸೇರುತ್ತದೆ. ಹೆಚ್ಚಿಗೆ ವಿವರಿಸುವುದು ಬೇಡ.

ರಿಪೇರಿಗೆ ಬಂದರೆ, ನಮ್ಮಲ್ಲಿ ಮನೆಮದ್ದಿನ ಪರಂಪರೆಯೇ ಇದೆ, ಮತ್ತು ಅದರಲ್ಲಿ ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. ಆನ್ ಮಾಡಿದಾಗ ಪರದೆ ಕಪ್ಪಗಿದ್ದು ಬರೀ ಬೀಪ್ ಬೀಪ್ ಎಂದರೆ ಪ್ಲಗ್ಗು ಕಿತ್ತು, ರ್‍ಯಾಮನ್ನು ಹೊರತೆಗೆದು, ಅದರ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಜೀವ ಬರುತ್ತದೆ. ಹಲ್ಲಿನ ಮೇಲೆ ಕಟ್ಟಿದ ಕಲೆ ಹೋಗಿ ಸಂಪರ್ಕ ಸರಿಯಾಗುತ್ತದೆ, ಪವಾಡವೇನಲ್ಲ. ದಿನಾ ಬೆಳಿಗ್ಗೆ ತಾರೀಕು ಹಿಂದಕ್ಕೆ ಜಿಗಿಯುತ್ತಿದ್ದರೆ, ಬ್ಯಾಂಕಿನ ವೆಬ್‌ಸೈಟು ‘ಸುರಕ್ಷಿತವಲ್ಲ’ ಎಂದು ಹೆದರಿಸುತ್ತಿದ್ದರೆ, ವೈರಸ್ಸು ಎಂದು ಕಂಗಾಲಾಗುವ ಮೊದಲು ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ ಬದಲಿಸಿ. ಗಡಿಯಾರ ಹಿಂದಿನ ಯಾವುದೋ ವರ್ಷದಲ್ಲಿ ನಿಂತರೆ ಬ್ಯಾಂಕಿನ ವೆಬ್‌ಸೈಟು ತೋರಿಸುವ ಗುರುತಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ; ಯಂತ್ರ ಅನುಮಾನಪಡುವುದು ನ್ಯಾಯವೇ. ಹಳೆಯ ಯಂತ್ರ ಆಮೆಯಾಗಿದ್ದರೆ ಹೊಸದು ಕೊಳ್ಳುವ ಮೊದಲು ತಿರುಗುವ ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸಿ ನೋಡಿ. ಇದಕ್ಕಿಂತ ಸಾರ್ಥಕ ಖರ್ಚು ನನಗೆ ಗೊತ್ತಿಲ್ಲ.

ಆದರೆ ಅಂಗಡಿಗೆ ಒಯ್ದಿರೋ, ಅಲ್ಲಿ ಎಲ್ಲ ರೋಗಕ್ಕೂ ಒಂದೇ ಕಷಾಯ: ‘ಫಾರ್ಮ್ಯಾಟ್ ಹೊಡೀಲಾ ಸಾರ್?’ ಅಂದರೆ ಡಿಸ್ಕನ್ನೆಲ್ಲ ಒರೆಸಿ ಮೊದಲಿನಿಂದ ತುಂಬುವುದು. ಸೌಂಡ್ ಬರುತ್ತಿಲ್ಲವೇ, ಫಾರ್ಮ್ಯಾಟ್. ಪ್ರಿಂಟ್ ಹೋಗುತ್ತಿಲ್ಲವೇ, ಫಾರ್ಮ್ಯಾಟ್. ಕೇಳಿದ ಮರುಕ್ಷಣ ಅವನೇ ಸೇರಿಸುತ್ತಾನೆ: ‘ಡೇಟಾ ಏನಾದ್ರೂ ಬೇಕಾ?’ ಆಗ ಮನೆಯಾತನ ಮುಖ ನೋಡಬೇಕು. ಏನಿದೆ ಅದರಲ್ಲಿ? ಮಗಳ ಮದುವೆಯ ಫೋಟೋಗಳಿವೆ, ಆಸ್ತಿ ಪತ್ರದ ಸ್ಕ್ಯಾನ್ ಇದೆ, ಅಜ್ಜ ಹೇಳಿ ಬರೆಸಿದ ವಂಶಾವಳಿ ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿದೆ. ಎಲ್ಲವೂ ಡೆಸ್ಕ್‌ಟಾಪಿನ ಮೇಲೆ ‘ನ್ಯೂ ಫೋಲ್ಡರ್’ ಎಂಬ ಹೆಸರಿನಲ್ಲಿವೆ, ಮತ್ತು ಜಗತ್ತಿನಲ್ಲಿ ಅದೊಂದೇ ಪ್ರತಿ. ಇಷ್ಟು ವರ್ಷ ಹಾರ ಹಾಕಿ ಮುಸುಕು ಹೊದೆಸಿ ಕಾಪಾಡಿದ್ದು ದುಡ್ಡು ಕೊಟ್ಟರೆ ಸಿಗುವ ತಗಡಿನ ಡಬ್ಬವನ್ನು. ಅದರ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುವ ಹೊರಗಿನ ಡಿಸ್ಕೊಂದರಲ್ಲಿ ನಕಲು ತೆಗೆದು ಇನ್ನೊಂದು ಮನೆಯಲ್ಲಿಡಲು ಯಾವ ಹಬ್ಬಕ್ಕೂ ನೆನಪಾಗಲಿಲ್ಲ. ಆಯುಧಪೂಜೆಯ ಹಿಂದಿನ ದಿನ ನಕಲು ತೆಗೆಯುವುದೆಂದು ಒಂದು ಶಾಸ್ತ್ರ ಮಾಡಿದ್ದರೆ ನಮ್ಮ ಜನ ತಪ್ಪದೆ ಪಾಲಿಸುತ್ತಿದ್ದರೇನೋ. ನಕಲು ಮುಗಿದ ಮೇಲೆ ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿಡಬೇಕು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ದೇಶದೇಶಗಳ ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್‌ನಲ್ಲಿ ಒತ್ತೆಹಣ ಕೇಳಿದಾಗ ಜೋಡಿಸಿಟ್ಟ ಡಿಸ್ಕುಗಳನ್ನೂ ಬಿಡಲಿಲ್ಲ. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ‘ಆಮೇಲೆ ನೆನಪಿಸು’ ಒತ್ತಿದವರು ಬಹಳ.

ಈಗ ಅಪ್‌ಡೇಟಿನದೇ ಹೊಸ ತಾಪತ್ರಯ. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚಾಗಿ ಎಂಟನೇ ತಲೆಮಾರಿನಿಂದ ಈಚಿನದೇ ಬೇಕು. ಗಟ್ಟಿಮುಟ್ಟಾಗಿರುವ ಯಂತ್ರಕ್ಕೆ ವಯಸ್ಸಾಯಿತೆಂದು ಹೇಳಿ ಅಟ್ಟಕ್ಕೇರಿಸಲು ನನಗೆ ಮನಸ್ಸು ಬಾರದು. ಬ್ರೌಸರು, ಪತ್ರ ಬರೆಯುವುದು, ಹಳೇ ಹಾಡು ಕೇಳುವುದು ಇಷ್ಟೇ ಆದರೆ ವಿಂಡೋಸಿನ ಬದಲು ಲಿನಕ್ಸ್ ಹಾಕಿಸಿ. ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ಮೊದಲ ವಾರ ಮನೆಯವರು ನಿಮ್ಮನ್ನು ಬೈಯುತ್ತಾರೆ. ಬೈಸಿಕೊಳ್ಳಿ.

ಆ ಗೊತ್ತಿರೋ ಹುಡುಗ ಇಷ್ಟರಲ್ಲಿ ಅಮೆರಿಕ ಸೇರಿರುತ್ತಾನೆ. ಅಲ್ಲಿಂದಲೇ, ದೂರದಿಂದ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ತಂತ್ರಾಂಶ ಹಾಕಿಸಿ ರಿಪೇರಿ ಮಾಡುತ್ತಾನೆ. ಇಲ್ಲಿ ಬೆಳಗಿನ ಕಾಫಿಯ ಹೊತ್ತು, ಅಲ್ಲಿ ರಾತ್ರಿ ಊಟದ ಹೊತ್ತು. ಅತ್ತೆ ಕನ್ನಡಕ ಏರಿಸಿ ಪರದೆಯ ಮೇಲಿನ ಉದ್ದನೆಯ ನಂಬರನ್ನು ಫೋನಿನಲ್ಲಿ ಒಂದೊಂದಾಗಿ ಓದುತ್ತಾರೆ, ಮೌಸಿನ ಬಾಣ ತಾನಾಗಿ ಓಡಾಡಲು ಶುರುವಾಗುತ್ತದೆ. ಇದೇ ನಂಬರನ್ನು ‘ಬ್ಯಾಂಕಿನಿಂದ ಮಾತಾಡ್ತಿದೀವಿ’, ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’ ಎನ್ನುವ ಅಪರಿಚಿತರೂ ಕೇಳುತ್ತಾರೆ. ಕೊಟ್ಟರೆ ಖಾತೆ ಖಾಲಿ, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡುತ್ತ ಕೂರಬೇಕು. ಬ್ಯಾಂಕಿನವರಾಗಲಿ ಮೈಕ್ರೋಸಾಫ್ಟಿನವರಾಗಲಿ ಹಾಗೆ ತಾವಾಗಿ ಫೋನು ಮಾಡಿ ಕೇಳುವುದಿಲ್ಲ ಎಂದು ಹುಡುಗ ಅತ್ತೆಗೆ ಚೆನ್ನಾಗಿ ತಲೆಗೆ ತುಂಬಿದ್ದಾನೆ. ಎಷ್ಟು ಚೆನ್ನಾಗಿ ಎಂದರೆ, ಮೊನ್ನೆ ಅವನು ಹೊಸ ನಂಬರಿನಿಂದ ಫೋನು ಮಾಡಿ ‘ಅತ್ತೆ, ಆ ಎನಿಡೆಸ್ಕ್ ನಂಬರ್ ಹೇಳಿ’ ಎಂದಾಗ ಅತ್ತೆ ಹೇಳಲಿಲ್ಲ. ‘ನಮ್ಮ ಮನೆ ನಾಯಿಗೆ ನೀನು ಸಣ್ಣವನಿದ್ದಾಗ ಇಟ್ಟ ಹೆಸರು ಏನು, ಮೊದಲು ಅದು ಹೇಳು’ ಎಂದರು. ಹುಡುಗನಿಗೆ ಹೆಸರು ನೆನಪಾಗಲಿಲ್ಲ. ಅತ್ತೆ ಫೋನ್ ಇಟ್ಟರು.